ಕೈ ಮರೆಯಲು ಮೂರು ವಾರ: ವಿಂಡೋಸ್ 11ಕ್ಕೆ ಹೊಂದಿಕೊಂಡ ನನ್ನ ಅನುಭವ

ಮೊದಲ ದಿನ ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದು ಕೂತೆ. ಅರ್ಧ ಮಾಡಿಟ್ಟಿದ್ದ ಅನುವಾದದ ಫೈಲ್ ತೆಗೆಯಬೇಕಿತ್ತು. ಬಲಗೈ ತನ್ನ ಪಾಡಿಗೆ ಮೌಸನ್ನು ಪರದೆಯ ಎಡಗಡೆ ಕೆಳಗಿನ ಮೂಲೆಗೆ ತಳ್ಳಿತು. ನಾನು ಕ್ಲಿಕ್ ಮಾಡುವ ಮುಂಚೆಯೇ ಎಡಗಡೆಯಿಂದ ಒಂದು ದೊಡ್ಡ ಫಲಕ ತೆರೆದುಕೊಂಡಿತು. ಹವಾಮಾನ, ಸುದ್ದಿ, ಚಿತ್ರಗಳು. ಮುಚ್ಚಿದೆ. ಸ್ಟಾರ್ಟ್ ಗುಂಡಿ ಕೆಳಗೆ ನಡುವೆ ಇದೆ ಅಂತ ಕಣ್ಣಿಗೆ ಕಾಣುತ್ತಿದೆ, ತಲೆಗೂ ಗೊತ್ತಿದೆ. ಆದರೆ ಹತ್ತು ನಿಮಿಷ ಬಿಟ್ಟು ಕೈ ಮತ್ತೆ ಅದೇ ಮೂಲೆಗೆ ಹೋಯಿತು. ಮತ್ತೆ ಅದೇ ಫಲಕ.

ಮಧ್ಯಾಹ್ನದ ಹೊತ್ತಿಗೆ ಒಂದು ವಿಷಯ ಸ್ಪಷ್ಟವಾಯಿತು. ಹೊಸ ಆಪರೇಟಿಂಗ್ ಸಿಸ್ಟಮ್ ಕಲಿಯಬೇಕಾದ್ದು ನಾನಲ್ಲ, ನನ್ನ ಕೈ.

ಇದು ನನಗೆ ಹೊಸ ಪಾಠವೇನಲ್ಲ. ಹಿಂದೊಮ್ಮೆ ಕನ್ನಡ ಟೈಪಿಂಗ್‌ನಲ್ಲಿ ನುಡಿ ತಂತ್ರಾಂಶದ ಕೆಜಿಪಿ ಕೀಲಿಮಣೆಯಿಂದ ಇನ್‌ಸ್ಕ್ರಿಪ್ಟ್‌ಗೆ ಬದಲಾಗಿದ್ದೆ. ನುಡಿಯಲ್ಲಿ ಒತ್ತಕ್ಷರ ಬೇಕಾದರೆ ಎಫ್ ಕೀಲಿ ಒತ್ತಬೇಕು. ಇನ್‌ಸ್ಕ್ರಿಪ್ಟ್‌ನಲ್ಲಿ ಅದಕ್ಕೆ ಡಿ ಕೀಲಿ. ಎರಡೂ ಅಕ್ಕಪಕ್ಕ. ಇನ್‌ಸ್ಕ್ರಿಪ್ಟ್‌ನಲ್ಲಿ ಎಫ್ ಒತ್ತಿದರೆ ಗುಡಿಸು ಬೀಳುತ್ತದೆ. ಹಾಗಾಗಿ ‘ಅಕ್ಕ’ ಅಂತ ಬರೆಯಲು ಹೋದರೆ ‘ಅಕಿಕ’ ಅಂತ ಮೂಡುತ್ತಿತ್ತು. ಎರಡು ವಾರ ಪುಟದ ತುಂಬಾ ಅಕಿಕ, ಅಪಿಪ. ಮೂರನೇ ವಾರ ಬೆರಳು ಒಂದು ಕೀಲಿ ಎಡಕ್ಕೆ ಸರಿದು ಕೂತಿತು. ಯಾವಾಗ ಸರಿಯಿತು ಅಂತ ನನಗೇ ಗೊತ್ತಾಗಲಿಲ್ಲ. ಆ ನೆನಪಿನ ಧೈರ್ಯದ ಮೇಲೆಯೇ ಈ ಸಲ ಒಂದು ತೀರ್ಮಾನ ಮಾಡಿದೆ. ಮೂರು ವಾರ ಕೊಡೋಣ. ಅಷ್ಟರೊಳಗೆ ‘ಹಳೆಯದೇ ಚೆನ್ನಾಗಿತ್ತು’ ಅಂತ ಹೇಳುವುದು ಬೇಡ.

ಬದಲಾಗಲೇಬೇಕಾಗಿ ಬಂದ ಕಾರಣ ಸರಳ. ವಿಂಡೋಸ್ 10 ಬಂದದ್ದು 2015ರ ಜುಲೈನಲ್ಲಿ. ಅದಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುತ್ತದೆ ಅಂತ ಮೊದಲೇ ತಿಳಿದಿತ್ತು. ಬೆಂಬಲ ಮುಗಿದರೆ ಕಂಪ್ಯೂಟರ್ ಕೆಲಸ ನಿಲ್ಲಿಸುವುದಿಲ್ಲ. ಭದ್ರತೆಯ ಅಪ್‌ಡೇಟ್ ಬರುವುದು ನಿಲ್ಲುತ್ತದೆ. ಬೇರೆಯವರ ಹಸ್ತಪ್ರತಿಗಳು ನನ್ನ ಯಂತ್ರದಲ್ಲಿ ಇರುತ್ತವೆ. ಅವುಗಳನ್ನು ಹಾಗೆ ಬಾಗಿಲು ತೆರೆದಿಟ್ಟುಕೊಂಡು ಕೂರಲು ನನಗೆ ಮನಸ್ಸಿರಲಿಲ್ಲ. ಆಗಸ್ಟ್‌ನಲ್ಲಿ ಕೆಲಸ ಸ್ವಲ್ಪ ಕಡಿಮೆ ಇದ್ದ ವಾರ ನೋಡಿ ಬದಲಾಯಿಸಿಕೊಂಡೆ. ಇದು ನಿಜಕ್ಕೂ ಮುಖ್ಯ. ಕೊನೆಯ ದಿನದವರೆಗೆ ಕಾಯ್ದರೆ ಕೈ ತಪ್ಪುವ ಆ ವಾರಗಳು ಗಡುವಿನ ಜೊತೆಗೇ ಬಂದುಬಿಡುತ್ತವೆ.

ತಯಾರಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ವಿಂಡೋಸ್ 11ಕ್ಕೆ 4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್ ಜಾಗ, ಸೆಕ್ಯೂರ್ ಬೂಟ್ ಸೌಲಭ್ಯ, ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನಿಂದ ಈಚೆಯದಾಗಿರಬೇಕು. ಪಿಸಿ ಹೆಲ್ತ್ ಚೆಕ್ ಅನ್ನುವ ಪುಟ್ಟ ಪ್ರೋಗ್ರಾಂ ಓಡಿಸಿದರೆ ನಿಮ್ಮ ಯಂತ್ರ ಆಗುತ್ತದೋ ಇಲ್ಲವೋ ಹೇಳುತ್ತದೆ. ನನ್ನದರಲ್ಲಿ ‘ಟಿಪಿಎಂ ಇಲ್ಲ’ ಅಂತ ಬಂತು. ಒಂದು ಕ್ಷಣ ಎದೆ ಧಸಕ್ಕೆಂದಿತು. ಆಮೇಲೆ ನೋಡಿದರೆ ಚಿಪ್ ಇತ್ತು, ವಿಂಡೋಸ್‌ಗಿಂತ ಮೊದಲು ಓಡುವ ಬಯಾಸ್ ಅನ್ನುವ ಮೂಲ ಪ್ರೋಗ್ರಾಂನ ಸೆಟ್ಟಿಂಗ್‌ನಲ್ಲಿ ಆಫ್ ಆಗಿತ್ತು. ಇಂಟೆಲ್ ಯಂತ್ರಗಳಲ್ಲಿ ಅದು ಪಿಟಿಟಿ ಅನ್ನುವ ಹೆಸರಲ್ಲಿ ಇರುತ್ತದೆ, ಎಎಂಡಿಯಲ್ಲಿ ಎಫ್‌ಟಿಪಿಎಂ. ಆನ್ ಮಾಡಿದೆ, ಸರಿಹೋಯಿತು. ಫೈಲ್‌ಗಳನ್ನೆಲ್ಲ ಹೊರಗಿನ ಡಿಸ್ಕ್‌ಗೆ ಕಾಪಿ ಮಾಡಿ, ಒಂದೆರಡು ಫೈಲ್ ಅಲ್ಲಿಂದಲೇ ತೆರೆದು ನೋಡಿದೆ. ಕಾಪಿ ಆಗಿದೆ ಅಂತ ಸುಮ್ನೆ ನಂಬಬಾರದು, ತೆರೆದು ನೋಡಬೇಕು.

ಇನ್ನೊಂದು ವಿಷಯ ಮೊದಲೇ ತಿಳಿದುಕೊಂಡಿದ್ದೆ. ಮೇಲ್ದರ್ಜೆಗೆ ಏರಿಸಿದ ಮೇಲೆ 10 ದಿನದೊಳಗೆ ಬೇಡ ಅನ್ನಿಸಿದರೆ ಸೆಟ್ಟಿಂಗ್ಸ್‌ನ ರಿಕವರಿ ಪುಟದಿಂದ ಹಳೆಯ ವಿಂಡೋಸ್‌ಗೆ ವಾಪಸ್ ಹೋಗಬಹುದು. ಆಮೇಲೆ ಆ ದಾರಿ ಮುಚ್ಚಿಹೋಗುತ್ತದೆ. ಮೇಜಿನ ಮೇಲಿನ ಕ್ಯಾಲೆಂಡರ್‌ನಲ್ಲಿ ಆ ಹತ್ತನೇ ದಿನಕ್ಕೆ ಪೆನ್ಸಿಲ್‌ನಿಂದ ಒಂದು ಸುತ್ತು ಹಾಕಿದೆ.

ಮೇಜಿನ ಮೇಲೆ ಒಂದು ಪುಟ್ಟ ಪುಸ್ತಕವನ್ನೂ ಇಟ್ಟುಕೊಂಡೆ. ಈ ಬರಹದಲ್ಲಿ ಯಾರಿಗಾದರೂ ಉಪಯೋಗವಾಗುವ ಒಂದೇ ಸಲಹೆ ಇದ್ದರೆ ಅದು ಇದೇ. ಕೈ ತಪ್ಪಿದಾಗಲೆಲ್ಲ ಎಲ್ಲಿ ತಪ್ಪಿತು ಅಂತ ಎರಡು ಪದ ಬರೆದು ಪಕ್ಕದಲ್ಲಿ ಒಂದು ಗೀಟು. ಮತ್ತೆ ಅಲ್ಲೇ ತಪ್ಪಿದರೆ ಇನ್ನೊಂದು ಗೀಟು. ಅಷ್ಟೇ. ಮೊದಲ ದಿನದ ಪುಟ ಈಗಲೂ ನನ್ನ ಹತ್ತಿರ ಇದೆ. ‘ಮೂಲೆ’ ಪಕ್ಕದಲ್ಲಿ 14 ಗೀಟು. ‘ಬಲ ಕ್ಲಿಕ್’ ಪಕ್ಕದಲ್ಲಿ 11. ‘ವಾಲ್ಯೂಮ್’ 4. ‘ಈ ಪಿಸಿ ಎಲ್ಲಿ?’ 3. ಆಮೇಲೆ ಒಂದೊಂದು ಗೀಟಿನವು ಆರೇಳು.

ಸಂಜೆ ಆ ಪುಟ ನೋಡಿದಾಗ ಮನಸ್ಸು ಹಗುರವಾಯಿತು. ಇಡೀ ದಿನ ‘ಎಲ್ಲವೂ ಬದಲಾಗಿಬಿಟ್ಟಿದೆ’ ಅನ್ನಿಸಿತ್ತು. ಪುಟ ನೋಡಿದರೆ ನಿಜವಾಗಿ ತೊಂದರೆ ಕೊಟ್ಟದ್ದು ಎರಡೇ ಎರಡು. ಮೂಲೆ, ಬಲ ಕ್ಲಿಕ್. ಮಿಕ್ಕಿದ್ದೆಲ್ಲ ಬಿಡಿ ಬಿಡಿ ಎಡವಟ್ಟು.

ಪುಟದಲ್ಲಿ ಯಾವುದು ಇಲ್ಲ ಅಂತಲೂ ನೋಡಿದೆ. ಫೈಲ್ ಎಕ್ಸ್‌ಪ್ಲೋರರ್ ತೆರೆಯಲು ನಾನು ವಿಂಡೋಸ್ ಕೀ ಜೊತೆ ಇ ಒತ್ತುವವಳು. ಅದು ತಪ್ಪಲಿಲ್ಲ. ಕಿಟಕಿ ಬದಲಿಸಲು ಆಲ್ಟ್ ಟ್ಯಾಬ್, ಹೆಸರು ಬದಲಿಸಲು ಎಫ್2, ಎಲ್ಲ ಕಿಟಕಿ ಕೆಳಗಿಳಿಸಲು ವಿಂಡೋಸ್ ಕೀ ಜೊತೆ ಡಿ, ಟಾಸ್ಕ್ ಮ್ಯಾನೇಜರ್‌ಗೆ ಕಂಟ್ರೋಲ್ ಶಿಫ್ಟ್ ಎಸ್ಕೇಪ್. ಒಂದೂ ತಪ್ಪಲಿಲ್ಲ. ಕೀಲಿಗಳಿಂದ ಮಾಡುತ್ತಿದ್ದ ಕೆಲಸ ಒಂದೂ ಗೀಟು ಪಡೆದಿರಲಿಲ್ಲ. ಗೀಟು ಬಿದ್ದದ್ದೆಲ್ಲ ಜಾಗ ನೆನಪಿಟ್ಟುಕೊಂಡು ಮಾಡುತ್ತಿದ್ದ ಕೆಲಸಕ್ಕೆ. ವಿನ್ಯಾಸ ಬದಲಿಸುವವರು ಜಾಗ ಬದಲಿಸುತ್ತಾರೆ. ಕೀಲಿಗಳನ್ನು ಮುಟ್ಟುವುದು ತೀರಾ ಕಡಿಮೆ. ಇದು ತಿಳಿದ ಮೇಲೆ ಮುಂದಿನ ಮೂರು ವಾರದ ಕೆಲಸ ಏನು ಅಂತ ಗೊತ್ತಾಯಿತು. ಗೀಟು ಜಾಸ್ತಿ ಇರುವ ಕಡೆ ಒಂದೋ ಜಾಗವನ್ನು ಹಳೆಯ ಕಡೆಗೇ ತರಬೇಕು, ಇಲ್ಲವೇ ಆ ಕೆಲಸವನ್ನು ಕೀಲಿಗೆ ವಹಿಸಬೇಕು.

ಮೊದಲು ಮೂಲೆಯ ವಿಚಾರ. ಸ್ಟಾರ್ಟ್ ಗುಂಡಿ ಎಡಮೂಲೆಗೆ ಬಂದದ್ದು ವಿಂಡೋಸ್ 95ರಲ್ಲಿ, ಅಂದರೆ 1995ರ ಆಗಸ್ಟ್‌ನಲ್ಲಿ. 2012ರಲ್ಲಿ ವಿಂಡೋಸ್ 8 ಬಂದಾಗ ಆ ಗುಂಡಿಯನ್ನೇ ತೆಗೆದಿದ್ದರು. ಜನ ಒಪ್ಪಲಿಲ್ಲ. ಮರುವರ್ಷ 8.1ರಲ್ಲಿ ಗುಂಡಿ ಅದೇ ಮೂಲೆಗೆ ವಾಪಸ್ ಬಂತು. 2021ರ ಅಕ್ಟೋಬರ್‌ನಲ್ಲಿ ವಿಂಡೋಸ್ 11 ಬಂದಾಗ ಅದು ನಡುವಿಗೆ ಸರಿಯಿತು. ಅಷ್ಟು ವರ್ಷ ಒಂದೇ ಕಡೆ ಇದ್ದದ್ದು ಕೈಗೆ ಅಂಟಿಕೊಳ್ಳದೆ ಇರುತ್ತಾ?

ಆದರೆ ಅಭ್ಯಾಸದ ಮಾತು ಅಷ್ಟೇ ಅಲ್ಲ. ಮೂಲೆಗೆ ಅದರದ್ದೇ ಆದ ಒಂದು ಗುಣ ಇದೆ. ಮೌಸನ್ನು ಎಷ್ಟು ಜೋರಾಗಿ ತಳ್ಳಿದರೂ ಬಾಣ ಮೂಲೆಯಲ್ಲಿ ನಿಲ್ಲುತ್ತದೆ, ಆಚೆ ಹೋಗುವುದಿಲ್ಲ. ಗುರಿ ಇಡಬೇಕಾಗಿಲ್ಲ, ನೋಡಬೇಕಾಗಿಯೂ ಇಲ್ಲ. ಗುರಿ ದೊಡ್ಡದಿದ್ದಷ್ಟೂ, ಹತ್ತಿರ ಇದ್ದಷ್ಟೂ ಕೈ ಬೇಗ ಮುಟ್ಟುತ್ತದೆ ಅಂತ ಪಾಲ್ ಫಿಟ್ಸ್ ಅನ್ನುವ ಮನಶ್ಶಾಸ್ತ್ರಜ್ಞ 1954ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಮೂಲೆ ಕಣ್ಣಿಗೆ ಚಿಕ್ಕದು, ಕೈಗೆ ತುಂಬಾ ದೊಡ್ಡದು.

ನಡುವಿನ ಗುಂಡಿಯಲ್ಲಿ ಇನ್ನೊಂದು ಸೂಕ್ಷ್ಮ ಇದೆ. ನನಗೆ ಅದು ಹೊಳೆದದ್ದು ನಾಲ್ಕನೇ ದಿನ. ಬೆಳಿಗ್ಗೆ ಎರಡು ಪ್ರೋಗ್ರಾಂ ತೆರೆದಿದ್ದೆ. ಸ್ಟಾರ್ಟ್ ಗುಂಡಿ ಎಲ್ಲಿದೆ ಅಂತ ಪರದೆಯ ಅಂಚಿನಲ್ಲಿ ಪುಟ್ಟ ಕಾಗದದ ಚೂರು ಅಂಟಿಸಿ ಗುರುತು ಮಾಡಿದೆ. ಮಧ್ಯಾಹ್ನದ ಹೊತ್ತಿಗೆ ಏಳು ಪ್ರೋಗ್ರಾಂ ತೆರೆದಿದ್ದವು. ಗುಂಡಿ ಗುರುತಿಗಿಂತ ಎರಡು ಬೆರಳಿನಷ್ಟು ಎಡಕ್ಕೆ ಸರಿದಿತ್ತು. ಯಾಕೆಂದರೆ ನಡುವಿಗೆ ಬರುವುದು ಗುಂಡಿ ಒಂದೇ ಅಲ್ಲ, ಇಡೀ ಸಾಲು. ಒಂದೊಂದು ಪ್ರೋಗ್ರಾಂ ತೆರೆದಾಗಲೂ ಸಾಲು ಎರಡೂ ಕಡೆ ಬೆಳೆಯುತ್ತದೆ, ತುದಿಯಲ್ಲಿರುವ ಸ್ಟಾರ್ಟ್ ಇನ್ನಷ್ಟು ಎಡಕ್ಕೆ ಹೋಗುತ್ತದೆ. ಅಂದರೆ ಕೈ ಕಲಿಯಲು ಅಲ್ಲಿ ಒಂದು ಖಾಯಂ ಜಾಗವೇ ಇಲ್ಲ. ಪ್ರತಿ ಸಲ ಕಣ್ಣು ಹುಡುಕಿಕೊಡಬೇಕು. ಮೂರು ವಾರ ಅಲ್ಲ, ಮೂರು ವರ್ಷ ಕೊಟ್ಟರೂ ನನ್ನ ಕೈ ಇದನ್ನು ಕಲಿಯಲಾರದು ಅನ್ನಿಸಿತು.

ಅವತ್ತೇ ಬದಲಿಸಿದೆ. ಟಾಸ್ಕ್‌ಬಾರ್‌ನ ಖಾಲಿ ಜಾಗದಲ್ಲಿ ಬಲ ಕ್ಲಿಕ್ ಮಾಡಿ, ಟಾಸ್ಕ್‌ಬಾರ್ ಸೆಟ್ಟಿಂಗ್ಸ್‌ಗೆ ಹೋಗಿ, ಕೆಳಗಿನ ಬಿಹೇವಿಯರ್ಸ್ ಭಾಗದಲ್ಲಿ ಅಲೈನ್‌ಮೆಂಟ್ ಅನ್ನು ಲೆಫ್ಟ್ ಮಾಡಿದರೆ ಆಯಿತು. ಅದೇ ಪುಟದಲ್ಲಿ ವಿಜೆಟ್ಸ್ ಆಫ್ ಮಾಡಿದೆ, ಮೂಲೆಗೆ ಹೋದರೆ ಬರುತ್ತಿದ್ದ ಸುದ್ದಿಯ ಫಲಕ ನಿಂತಿತು. ಒಂದೇ ಪ್ರೋಗ್ರಾಂನ ನಾಲ್ಕು ಫೈಲ್‌ಗಳು ಒಂದೇ ಚಿತ್ರದ ಕೆಳಗೆ ಸೇರಿಕೊಳ್ಳುವುದೂ ನನಗೆ ಕಷ್ಟವಾಗಿತ್ತು. ಅಲ್ಲೇ ಕಂಬೈನ್ ಅನ್ನುವ ಕಡೆ ನೆವರ್ ಆರಿಸಿದೆ, ಪ್ರತಿ ಫೈಲ್ ತನ್ನ ಹೆಸರಿನ ಜೊತೆ ಬೇರೆ ಬೇರೆಯಾಗಿ ಕಂಡಿತು. 2021ರಲ್ಲಿ ಈ ಆಯ್ಕೆ ಇರಲಿಲ್ಲ, 2023ರಲ್ಲಿ ಸೇರಿಸಿದರು. ಆಗಲೇ ಬದಲಾಯಿಸಿಕೊಂಡವರಿಗಿಂತ ತಡವಾಗಿ ಬಂದ ನನಗೆ ದಾರಿ ಎಷ್ಟೋ ಸುಲಭವಾಗಿತ್ತು ಅನ್ನುವುದನ್ನು ಒಪ್ಪಬೇಕು.

ಮಾರನೇ ದಿನದ ಪುಟದಲ್ಲಿ ‘ಮೂಲೆ’ ಪಕ್ಕದಲ್ಲಿ ಗೀಟೇ ಇಲ್ಲ.

ಬಲ ಕ್ಲಿಕ್ ಅಷ್ಟು ಬೇಗ ಬಗೆಹರಿಯಲಿಲ್ಲ. ವಿಂಡೋಸ್ 10ರಲ್ಲಿ ಫೈಲ್ ಮೇಲೆ ಬಲ ಕ್ಲಿಕ್ ಮಾಡಿದರೆ ಉದ್ದನೆಯ ಪಟ್ಟಿ ಬರುತ್ತಿತ್ತು. ನೀವು ಹಾಕಿಕೊಂಡ ಪ್ರತಿ ಪ್ರೋಗ್ರಾಂ ಅದಕ್ಕೆ ಒಂದು ಸಾಲು ಸೇರಿಸುತ್ತಿತ್ತು. ನನ್ನ ಯಂತ್ರದಲ್ಲಿ ಅದು ಪರದೆಯ ಅರ್ಧದಷ್ಟು ಉದ್ದ ಬೆಳೆದಿತ್ತು. ಹೊಸದರಲ್ಲಿ ಪಟ್ಟಿ ಚಿಕ್ಕದು. ಕಟ್, ಕಾಪಿ, ರೀನೇಮ್, ಶೇರ್, ಡಿಲೀಟ್ ಇವೆಲ್ಲ ಪದಗಳ ಪಟ್ಟಿಯಿಂದ ಹೊರಬಂದು ಒಂದು ಸಾಲಿನ ಪುಟ್ಟ ಚಿತ್ರಗಳಾಗಿವೆ. ಮಿಕ್ಕಿದ್ದು ಬೇಕಾದರೆ ‘ಶೋ ಮೋರ್ ಆಪ್ಶನ್ಸ್’ ಒತ್ತಬೇಕು, ಆಗ ಹಳೆಯ ಪಟ್ಟಿ ತೆರೆಯುತ್ತದೆ.

ಆ ಚಿತ್ರಗಳ ಸಾಲು ಮೌಸ್ ಬಾಣಕ್ಕೆ ಹತ್ತಿರ ಇರುವ ಹಾಗೆ ಮಾಡಿದ್ದಾರೆ. ಪಟ್ಟಿ ಕೆಳಮುಖವಾಗಿ ತೆರೆದರೆ ಸಾಲು ಮೇಲಿರುತ್ತದೆ. ಪರದೆಯ ಕೆಳಭಾಗದ ಫೈಲ್ ಮೇಲೆ ಕ್ಲಿಕ್ ಮಾಡಿದರೆ ಪಟ್ಟಿ ಮೇಲ್ಮುಖವಾಗಿ ತೆರೆಯುತ್ತದೆ, ಸಾಲು ಕೆಳಗೆ ಬರುತ್ತದೆ. ಯೋಚನೆ ಒಳ್ಳೆಯದು, ಕೈ ದೂರ ಹೋಗಬೇಕಾಗಿಲ್ಲ. ಆದರೆ ನನ್ನ ಕೈಗೆ ಹಳೆಯ ನೆನಪು ಇತ್ತು. ಪಟ್ಟಿಯ ಕೊನೆಯ ಸಾಲು ಅಂದರೆ ಪ್ರಾಪರ್ಟೀಸ್. ಆರನೇ ದಿನ ಒಂದು ಅಧ್ಯಾಯದ ಫೈಲ್ ಎಷ್ಟು ದೊಡ್ಡದು ಅಂತ ನೋಡಲು ಹೋದೆ. ಫೋಲ್ಡರ್‌ನಲ್ಲಿ ಅದು ತೀರಾ ಕೆಳಗಿತ್ತು. ಬಲ ಕ್ಲಿಕ್ ಮಾಡಿ, ಕಣ್ಣು ಕಾಗದದ ಮೇಲೆ ಇಟ್ಟುಕೊಂಡೇ ಕೊನೆಯ ಸಾಲು ಒತ್ತಿದೆ. ತಲೆ ಎತ್ತಿ ನೋಡಿದರೆ ಫೈಲ್ ಇಲ್ಲ. ಹನ್ನೆರಡನೇ ಅಧ್ಯಾಯ ಇದ್ದ ಜಾಗದಲ್ಲಿ ಖಾಲಿ.

ಕಂಟ್ರೋಲ್ ಝಡ್ ಒತ್ತಿದೆ. ವಾಪಸ್ ಬಂತು. ಡಿಲೀಟ್ ಆದದ್ದು ಮರುಬಳಕೆ ಬುಟ್ಟಿಗೆ ಹೋಗಿರುತ್ತದೆ, ಹಾಗಾಗಿ ನಷ್ಟವೇನೂ ಆಗಲಿಲ್ಲ. ಆದರೂ ಆ ಎರಡು ಸೆಕೆಂಡ್ ಉಸಿರು ನಿಂತಿತ್ತು. ಮೂರು ವಾರದ ಕೆಲಸ ಆ ಅಧ್ಯಾಯ. ತಪ್ಪು ನನ್ನದೇ, ನೋಡದೆ ಒತ್ತಿದ್ದೆ. ಇಷ್ಟು ವರ್ಷ ನೋಡದೆ ಒತ್ತಿದರೂ ನಡೆಯುತ್ತಿತ್ತು, ಇನ್ನು ನಡೆಯುವುದಿಲ್ಲ.

ಅವತ್ತಿನಿಂದ ಬಲ ಕ್ಲಿಕ್ ಬಿಟ್ಟು ಕೀಲಿ ಹಿಡಿದೆ. ಪ್ರಾಪರ್ಟೀಸ್‌ಗೆ ಆಲ್ಟ್ ಹಿಡಿದು ಎಂಟರ್. ಹೆಸರು ಬದಲಿಸಲು ಎಫ್2 ಹೇಗೂ ಗೊತ್ತಿತ್ತು. ಹಳೆಯ ಉದ್ದ ಪಟ್ಟಿಯೇ ಬೇಕಾದಾಗ ಶಿಫ್ಟ್ ಹಿಡಿದುಕೊಂಡು ಬಲ ಕ್ಲಿಕ್ ಮಾಡಿದರೆ ನೇರವಾಗಿ ಅದೇ ಬರುತ್ತದೆ, ಎರಡು ಹೆಜ್ಜೆ ಬೇಕಿಲ್ಲ. ಈ ಹಳೆಯ ಪಟ್ಟಿಯನ್ನು ಖಾಯಂ ಮಾಡಲು ರಿಜಿಸ್ಟ್ರಿ, ಅಂದರೆ ವಿಂಡೋಸ್ ತನ್ನ ಒಳಗಿನ ಸೆಟ್ಟಿಂಗ್ಸ್ ಇಟ್ಟುಕೊಳ್ಳುವ ಜಾಗವನ್ನೇ ತಿದ್ದುವವರೂ ಇದ್ದಾರೆ. ನಾನು ಆ ದಾರಿಗೆ ಹೋಗಲಿಲ್ಲ. ಮುಂದಿನ ಅಪ್‌ಡೇಟ್ ಬಂದಾಗ ಅದು ಉಳಿಯುತ್ತದೆ ಅನ್ನುವ ಭರವಸೆ ಇರುವುದಿಲ್ಲ. ಆಗ ಕೈ ಮತ್ತೆ ಮೊದಲಿಂದ ಕಲಿಯಬೇಕು. ಸೆಟ್ಟಿಂಗ್ಸ್‌ನಲ್ಲಿ ಅವರೇ ಕೊಟ್ಟಿರುವ ಗುಂಡಿಯಿಂದ ಆಗುವ ಬದಲಾವಣೆ ಮಾತ್ರ ಮಾಡಿಕೊಳ್ಳಬೇಕು ಅನ್ನುವುದು ನನ್ನ ನಿಯಮ. ಅದು ಎಲ್ಲರಿಗೂ ಸರಿಹೊಂದಬೇಕೆಂದೇನಿಲ್ಲ.

ವಾಲ್ಯೂಮ್ ವಿಷಯ ಚಿಕ್ಕದು. ಮೊದಲು ಸ್ಪೀಕರ್ ಚಿತ್ರ ಒತ್ತಿದರೆ ವಾಲ್ಯೂಮ್ ಮಾತ್ರ ಬರುತ್ತಿತ್ತು, ವೈಫೈ ಚಿತ್ರ ಒತ್ತಿದರೆ ನೆಟ್‌ವರ್ಕ್ ಪಟ್ಟಿ. ಈಗ ವೈಫೈ, ಸ್ಪೀಕರ್, ಬ್ಯಾಟರಿ ಮೂರೂ ಸೇರಿ ಒಂದೇ ಗುಂಡಿ. ಯಾವುದನ್ನು ಒತ್ತಿದರೂ ಒಂದೇ ಫಲಕ. ಸ್ಪೀಕರ್ ಚಿತ್ರದ ಮೇಲೆ ಬಾಣ ಇಟ್ಟು ಮೌಸ್ ಚಕ್ರ ತಿರುಗಿಸಿದರೆ ಫಲಕ ತೆರೆಯದೆಯೇ ಸದ್ದು ಕಡಿಮೆ ಜಾಸ್ತಿ ಆಗುತ್ತದೆ ಅಂತ ಗೊತ್ತಾದ ಮೇಲೆ ಈ ತೊಂದರೆ ಮರೆತೇಹೋಯಿತು.

ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಎರಡು ತಿದ್ದುಪಡಿ ಸಾಕಾಯಿತು. ಸಾಲುಗಳ ನಡುವೆ ಜಾಗ ಜಾಸ್ತಿ ಬಿಟ್ಟಿದ್ದರು. ಬೆರಳಿನಿಂದ ಪರದೆ ಮುಟ್ಟಿ ಕೆಲಸ ಮಾಡುವವರಿಗೆ ಅದು ಅನುಕೂಲ. ನನ್ನ ಹಾಗೆ ಒಂದು ಫೋಲ್ಡರ್‌ನಲ್ಲಿ ಅರವತ್ತು ಫೈಲ್ ಇಟ್ಟುಕೊಳ್ಳುವವರಿಗೆ ಒಂದು ನೋಟಕ್ಕೆ ಎಲ್ಲ ಕಾಣಬೇಕು. ವ್ಯೂ ಪಟ್ಟಿಯಲ್ಲಿ ಕಾಂಪ್ಯಾಕ್ಟ್ ವ್ಯೂ ಆರಿಸಿದೆ, ಸಾಲುಗಳು ಹತ್ತಿರ ಬಂದವು. ತೆರೆದ ಕೂಡಲೇ ಹೋಮ್ ಪುಟದ ಬದಲು ಡ್ರೈವ್‌ಗಳು ಕಾಣಲಿ ಅಂತ ಫೋಲ್ಡರ್ ಆಪ್ಶನ್ಸ್‌ನಲ್ಲಿ ‘ದಿಸ್ ಪಿಸಿ’ ಆರಿಸಿದೆ.

ಇಷ್ಟು ಹೊತ್ತು ತಪ್ಪಿದ್ದರ ಬಗ್ಗೆಯೇ ಹೇಳಿದೆ. ಮನಸ್ಸಿಗೆ ತುಂಬಾ ಖುಷಿ ಕೊಟ್ಟದ್ದನ್ನೂ ಹೇಳಬೇಕು, ಅಲ್ವಾ?

ನನ್ನ ಕೆಲಸದಲ್ಲಿ ಮೂರು ಕಿಟಕಿ ಒಟ್ಟಿಗೆ ಕಾಣಬೇಕು. ಎಡಗಡೆ ಮೂಲದ ಪುಟ. ಬಲಗಡೆ ಮೇಲೆ ನನ್ನ ಕನ್ನಡ ಕರಡು. ಅದರ ಕೆಳಗೆ ನಿಘಂಟು. ಹಳೆಯದರಲ್ಲೂ ಇದು ಆಗುತ್ತಿತ್ತು. ಒಂದೊಂದು ಕಿಟಕಿಯನ್ನು ಹಿಡಿದು ಅಂಚಿಗೆ, ಮೂಲೆಗೆ ಎಳೆದು ಬಿಡಬೇಕಿತ್ತು. ನಡುವೆ ಒಂದು ಮೇಲ್ ಬಂದು ಅದನ್ನು ತೆರೆದರೆ ಆ ಜೋಡಣೆ ಕಿಟಕಿಗಳ ರಾಶಿಯಲ್ಲಿ ಮುಚ್ಚಿಹೋಗುತ್ತಿತ್ತು. ಮೂರನ್ನೂ ಒಂದೊಂದಾಗಿ ಮುಂದೆ ತರಬೇಕಿತ್ತು. ದಿನಕ್ಕೆ ಎಷ್ಟು ಸಲ ಹಾಗೆ ಮಾಡಿದ್ದೇನೋ ಲೆಕ್ಕವಿಲ್ಲ.

ಈಗ ವಿಂಡೋಸ್ ಕೀ ಜೊತೆ ಝಡ್ ಒತ್ತಿದರೆ ಕಿಟಕಿಯ ಬಲ ಮೇಲ್ಗಡೆ ಪುಟ್ಟ ಪುಟ್ಟ ನಕ್ಷೆಗಳು ತೆರೆಯುತ್ತವೆ. ಎರಡು ಸಮಭಾಗ, ಒಂದು ಅಗಲ ಒಂದು ಸಣ್ಣ, ಒಂದು ಅರ್ಧ ಎರಡು ಕಾಲು, ನಾಲ್ಕು ಕಾಲು. ಮ್ಯಾಕ್ಸಿಮೈಸ್ ಚೌಕದ ಮೇಲೆ ಬಾಣ ಇಟ್ಟರೂ ಅದೇ ಬರುತ್ತದೆ. ಪ್ರತಿ ನಕ್ಷೆಗೂ ಒಂದು ಅಂಕಿ. ಅಂಕಿ ಒತ್ತಿ, ಯಾವ ಭಾಗ ಅಂತ ಇನ್ನೊಂದು ಅಂಕಿ ಒತ್ತಿದರೆ ಕಿಟಕಿ ಅಲ್ಲಿಗೆ ಹೋಗಿ ಕೂರುತ್ತದೆ. ಖಾಲಿ ಉಳಿದ ಭಾಗದಲ್ಲಿ ಮಿಕ್ಕ ಕಿಟಕಿಗಳ ಪುಟ್ಟ ಚಿತ್ರಗಳು ಕಾಣುತ್ತವೆ, ಬೇಕಾದ್ದನ್ನು ಒತ್ತಿದರೆ ಅದೂ ಕೂರುತ್ತದೆ. ಮೂರು ಕಿಟಕಿ ಮೂರ‍್ನಾಲ್ಕು ಸೆಕೆಂಡಿನಲ್ಲಿ ಜಾಗಕ್ಕೆ.

ಅದಕ್ಕಿಂತ ದೊಡ್ಡ ಸಂತೋಷ ಆಮೇಲೆ. ಆ ಮೂರೂ ಒಂದು ಗುಂಪಾಗಿ ನೆನಪಿನಲ್ಲಿ ಉಳಿಯುತ್ತವೆ. ನಡುವೆ ಮೇಲ್ ನೋಡಿ, ಟಾಸ್ಕ್‌ಬಾರ್‌ನಲ್ಲಿ ಕರಡಿನ ಮೇಲೆ ಬಾಣ ಇಟ್ಟರೆ ಮೂರು ಕಿಟಕಿಯೂ ಇರುವ ಗುಂಪಿನ ಚಿತ್ರ ಕಾಣುತ್ತದೆ. ಅದನ್ನು ಒತ್ತಿದರೆ ಮೂರೂ ಒಟ್ಟಿಗೆ ಮುಂದೆ ಬರುತ್ತವೆ, ಬಿಟ್ಟು ಹೋದ ಹಾಗೆಯೇ. ಮೊದಲ ಸಲ ಇದು ಕೆಲಸ ಮಾಡಿದಾಗ ಕುರ್ಚಿಗೆ ಒರಗಿ ಸುಮ್ನೆ ನೋಡುತ್ತಾ ಕೂತೆ. ವಾಕ್ಯದ ಮಧ್ಯದಲ್ಲಿ ಎದ್ದು ಹೋಗಿ ವಾಪಸ್ ಬಂದರೆ ಪುಸ್ತಕ, ಕಾಗದ, ಪೆನ್ನು ಎಲ್ಲ ಮೇಜಿನ ಮೇಲೆ ಇಟ್ಟಲ್ಲೇ ಇರುವ ಸುಖ ಅದು.

ಇದನ್ನು ಒಂಬತ್ತನೇ ದಿನ ಕಂಡುಕೊಂಡೆ. ಹತ್ತನೇ ದಿನ ಕ್ಯಾಲೆಂಡರ್‌ನ ಸುತ್ತು ಬಂತು. ಬೆಳಿಗ್ಗೆ ರಿಕವರಿ ಪುಟ ತೆರೆದೆ. ಗೋ ಬ್ಯಾಕ್ ಗುಂಡಿ ಇನ್ನೂ ಇತ್ತು. ಪುಸ್ತಕ ತೆರೆದು ಹತ್ತು ದಿನದ ಪುಟ ಪಕ್ಕ ಪಕ್ಕ ನೋಡಿದೆ. ಮೊದಲ ದಿನ ಒಟ್ಟು 39 ಗೀಟು. ಎರಡನೇ ದಿನ 41, ಹೆಚ್ಚೇ ಆಗಿತ್ತು. ಐದನೇ ದಿನ 16. ಒಂಬತ್ತನೇ ದಿನ 6. ನನ್ನ ಬೇಸರವನ್ನು ನಂಬಿದ್ದರೆ ಎರಡನೇ ದಿನವೇ ವಾಪಸ್ ಹೋಗಿರುತ್ತಿದ್ದೆ. ಗೀಟುಗಳು ಬೇರೆ ಕಥೆ ಹೇಳುತ್ತಿದ್ದವು. ರಿಕವರಿ ಪುಟ ಮುಚ್ಚಿ ಕೆಲಸಕ್ಕೆ ಕೂತೆ.

ಕನ್ನಡ ಟೈಪಿಂಗ್ ಬಗ್ಗೆ ಕೇಳುವವರು ಇರುತ್ತಾರೆ, ಅದಕ್ಕೇ ಎರಡು ಮಾತು. ಇನ್‌ಸ್ಕ್ರಿಪ್ಟ್ ಕೀಲಿಮಣೆ ಇದ್ದ ಹಾಗೇ ಇತ್ತು, ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿದರೆ ಭಾಷೆ ಬದಲಾಗುವುದೂ ಹಾಗೇ. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವವರಿಗೆ ಕನ್ನಡ ಫೊನೆಟಿಕ್ ಕೀಲಿಮಣೆ 2019ರಿಂದಲೇ ವಿಂಡೋಸ್‌ನ ಒಳಗೇ ಇದೆ. ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಭಾಷೆ ಸೇರಿಸಿ, ಅದರ ಆಯ್ಕೆಗಳಲ್ಲಿ ಕೀಲಿಮಣೆ ಸೇರಿಸಬೇಕು. ಪರದೆಯ ಮೇಲೆ ಕನ್ನಡ ಕಾಣುವ ನಿರ್ಮಲಾ ಫಾಂಟ್ ಮೊದಲಿನದೇ. ಹೀಗೆ ದಿನವಿಡೀ ಕೈ ಆಡುವ ಜಾಗ ಹಾಗೇ ಉಳಿದಿತ್ತು. ಮಿಕ್ಕದ್ದಕ್ಕೆ ತಾಳ್ಮೆ ಸಿಕ್ಕಿದ್ದು ಅದರಿಂದಲೇ ಇರಬೇಕು.

ಕೀಲಿಗಳನ್ನು ಹುಡುಕುತ್ತಾ ಹೋದಾಗ ಇನ್ನೊಂದು ಸಿಕ್ಕಿತು. ವಿಂಡೋಸ್ ಕೀ ಜೊತೆ ವಿ. ಹಿಂದೆ ಕಾಪಿ ಮಾಡಿದ ತುಣುಕುಗಳ ಪಟ್ಟಿಯೇ ತೆರೆಯುತ್ತದೆ, ಬೇಕಾದ್ದನ್ನು ಆರಿಸಿ ಅಂಟಿಸಬಹುದು. ಒಂದೇ ಪಾರಿಭಾಷಿಕ ಪದವನ್ನು ಐವತ್ತು ಕಡೆ ಬಳಸುವ ನನಗೆ ಇದು ದೊಡ್ಡ ನೆರವು. ಮೊದಲ ಸಲ ಒತ್ತಿದಾಗ ಆನ್ ಮಾಡಲೇ ಅಂತ ಕೇಳುತ್ತದೆ. ಇದು ಹೊಸದೂ ಅಲ್ಲ, 2018ರಿಂದ ವಿಂಡೋಸ್ 10ರಲ್ಲೇ ಇತ್ತು. ಜಾಗ ಬದಲಾಗದೆ ಇದ್ದಿದ್ದರೆ ನಾನು ಹುಡುಕುತ್ತಲೇ ಇರಲಿಲ್ಲ.

ಮೂರು ವಾರ ಮುಗಿದಾಗ ಪುಸ್ತಕ ಬರೆಯುವುದನ್ನು ನಿಲ್ಲಿಸಿದೆ. ಕೊನೆಯ ಪುಟದಲ್ಲಿ ಒಂದೇ ಗೀಟು, ಗಡಿಯಾರದ ಪಕ್ಕದಲ್ಲಿ. ಸಮಯದ ಮೇಲೆ ಒತ್ತಿದರೆ ಕ್ಯಾಲೆಂಡರ್ ಜೊತೆ ನೋಟಿಫಿಕೇಶನ್‌ಗಳೂ ಬರುತ್ತವೆ. ನನಗೆ ಇನ್ನೂ ಅದು ಇಷ್ಟವಾಗಿಲ್ಲ.

ಅಕ್ಟೋಬರ್ ಮೊದಲ ವಾರ ಅಮ್ಮನ ಲ್ಯಾಪ್‌ಟಾಪ್‌ಗೂ ಇದನ್ನೇ ಮಾಡಿದೆ. ಅದರಲ್ಲಿ ಡಿಸ್ಕ್ ಎನ್‌ಕ್ರಿಪ್ಟ್ ಆಗಿತ್ತು, ಅಂದರೆ ಕೀ ಇಲ್ಲದೆ ಓದಲಾಗದ ಹಾಗೆ ಬೀಗ ಬಿದ್ದಿತ್ತು. ಹಾಗಾಗಿ ಏನನ್ನೂ ಮುಟ್ಟುವ ಮುಂಚೆ 48 ಅಂಕಿಯ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದು, ಎರಡು ಸಲ ಓದಿ ಹೊಂದಿಸಿ ನೋಡಿದೆ. ಈ ಕೀ ಇಲ್ಲದೆ ಬಯಾಸ್ ಸೆಟ್ಟಿಂಗ್ ಬದಲಿಸಬೇಡಿ. ಯಂತ್ರ ಅದನ್ನು ಕೇಳಿದರೆ ಬೇರೆ ದಾರಿ ಇರುವುದಿಲ್ಲ.

ಅವರ ಕೈಗೆ ಕೊಡುವ ಮುಂಚೆ ಸ್ಟಾರ್ಟ್ ಗುಂಡಿಯನ್ನು ಎಡಮೂಲೆಗೆ ತಂದೆ. ವಿಜೆಟ್ಸ್ ಆಫ್ ಮಾಡಿದೆ. ಆಕ್ಸೆಸಿಬಿಲಿಟಿಯಲ್ಲಿ ಟೆಕ್ಸ್ಟ್ ಸೈಜ್ ಸ್ವಲ್ಪ ದೊಡ್ಡದು ಮಾಡಿದೆ. ಫೋಟೋ ಫೋಲ್ಡರನ್ನು ಸ್ಟಾರ್ಟ್‌ಗೆ ಪಿನ್ ಮಾಡಿ ಮೊದಲ ಸಾಲಿಗೆ ಎಳೆದಿಟ್ಟೆ. ಅಮ್ಮ ಕೀಲಿಗಳನ್ನು ಬಳಸುವುದಿಲ್ಲ. ಅವರಿಗೆ ಎಲ್ಲವೂ ಜಾಗವೇ. ನನಗೆ ಎರಡು ವಿಷಯ ಕೈ ತಪ್ಪಿದರೆ ಅವರಿಗೆ ಇಪ್ಪತ್ತು ತಪ್ಪುತ್ತವೆ ಅಂತ ಭಯ ಇತ್ತು.

ಪಕ್ಕದಲ್ಲಿ ಕೂತೆ. ಅಮ್ಮ ಪರದೆಯನ್ನು ಒಂದು ನಿಮಿಷ ನೋಡಿದರು. ‘ಅಕ್ಷರ ದೊಡ್ಡದಾಗಿದೆ’ ಅಂದರು. ಮೌಸನ್ನು ನಿಧಾನವಾಗಿ ಮೂಲೆಗೆ ತಳ್ಳಿದರು. ಪಟ್ಟಿ ತೆರೆಯಿತು. ‘ಫೋಟೋ ಎಲ್ಲಿ?’ ಅಂತ ಕೇಳಿ, ನಾನು ಬಾಯಿ ತೆರೆಯುವ ಮುಂಚೆ ತಾವೇ ನೋಡಿ ಒತ್ತಿದರು. ಆಮೇಲೆ ವಿಡಿಯೋ ಕರೆಗೆ ಹೇಗೆ ಹೋಗುವುದು ಅಂತ ಒಂದು ಸಲ ಕೇಳಿದರು, ತೋರಿಸಿದೆ. ಎರಡು ಸಲ ತಾವೇ ಮಾಡಿ ನೋಡಿದರು. ಅವರಿಗೂ ಒಂದು ಪುಟ್ಟ ಪುಸ್ತಕ ಕೊಟ್ಟು, ಎಲ್ಲಿ ಸಿಕ್ಕಿಹಾಕಿಕೊಂಡರೂ ಎರಡು ಪದ ಬರೆದಿಡಿ, ಭಾನುವಾರ ಕೂತು ನೋಡೋಣ ಅಂದೆ. ಮೊದಲ ಭಾನುವಾರ ಅದರಲ್ಲಿ ನಾಲ್ಕು ಸಾಲು ಇದ್ದವು. ಮೂರಕ್ಕೆ ಉತ್ತರ ನನ್ನ ಹಳೆಯ ಪುಟಗಳಲ್ಲೇ ಇತ್ತು. ನಾಲ್ಕನೆಯದು, ಫೋಟೋ ನೋಡುವಾಗ ಮುಂದಿನದಕ್ಕೆ ಹೋಗುವ ಬಾಣದ ಗುರುತು ಮೌಸನ್ನು ಹತ್ತಿರ ತಂದರೆ ಮಾತ್ರ ಯಾಕೆ ಕಾಣುತ್ತದೆ ಅನ್ನುವುದು. ಅದಕ್ಕೆ ಕೀಬೋರ್ಡ್‌ನ ಬಲಬಾಣದ ಕೀಲಿ ತೋರಿಸಿದೆ. ಅಮ್ಮ ಕಲಿತ ಮೊದಲ ಕೀಲಿ ಅದು.